ಕೊರಳಿಗೆ ಕಟ್ಟಿದ ಕೊರಡು

ಎಲ್ಲೋ ಸೀಮೆಯಲ್ಲಿ ಯುದ್ಧ ಶುರುವಾದರೆ ಕೊಟ್ಟಿಗೆಹಾರದ ಹತ್ತಿರದ ಕಾಫಿ ತೋಟದ ರೈಟರ ಮನೆ ಚಪ್ಪಲಿಗೆ ಯಾಕೆ ಕುತ್ತು ಬರಬೇಕು ಹೇಳಿ? ಆದರೆ ಬಂತು. ನಮ್ಮ ತೋಟದ ದೊರೆಗೆ ಮಿಲಿಟರಿಯಿಂದ ಕರೆ ಬಂತು, ಅವರು ಹೊರಟರು, ಅವರ ನಾಯಿ ನಮ್ಮ ಮನೆಗೆ ಬಂತು. ಆ ನಾಯಿಯ ವಿಷಯ ಬಾಯಿಬಿಟ್ಟು ಹೇಳಲಿಕ್ಕೆ ನನಗೆ ನಲವತ್ತು ವರ್ಷ ಬೇಕಾಯಿತು. ಬಾಯಿ ಜೋರು ಅಂತ ಊರಲ್ಲೆಲ್ಲ ಹೆಸರು ತೆಗೆದುಕೊಂಡವಳು ನಾನು. ಇದೊಂದಕ್ಕೆ ಮಾತ್ರ ಬಾಯಿ ಹೊಲಿದುಕೊಂಡಿದ್ದೆ.

ಆಗ ನನಗೆ ಇಪ್ಪತ್ತಾರು. ನಮ್ಮ ಯಜಮಾನರು ಆ ತೋಟದಲ್ಲಿ ರೈಟರು. ಬೆಳಿಗ್ಗೆ ಆಳುಗಳ ಹಾಜರಿ ಹಿಡಿಯುವುದು, ದೊರೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮೇಸ್ತ್ರಿಗೆ ಕನ್ನಡದಲ್ಲಿ ಹೇಳುವುದು, ಮೇಸ್ತ್ರಿ ಬೈದದ್ದನ್ನು ದೊರೆಗೆ ಹೇಳದೆ ಇರುವುದು, ಇದು ಇವರ ಕೆಲಸ. ತೋಟದವರೇ ಕೊಟ್ಟ ಹೆಂಚಿನ ಮನೆ, ಕಾಫಿ ಒಣಗಿಸುವ ಕಣದಿಂದ ಕೂಗಳತೆ ದೂರ. ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು, ಮಕ್ಕಳು ಇನ್ನೂ ಆಗಿರಲಿಲ್ಲ. ಮನೆಯಲ್ಲಿ ನಾವಿಬ್ಬರೇ. ಅತ್ತೆಯ ಮಾತು ಯಾಕೆ ತೆಗೆದೆ ಅಂದರೆ, ಮುಂದೆ ಬರುವ ಮಡಿ ಮೈಲಿಗೆಯ ರಗಳೆಯನ್ನೆಲ್ಲ ಅವರ ತಲೆಗೆ ಕಟ್ಟಿ ಕೈತೊಳೆದುಕೊಳ್ಳೋಣ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಆಗುವುದಿಲ್ಲ. ಅವರು ಆಗ ಇರಲೇ ಇಲ್ಲ. ಎಲ್ಲ ನನ್ನದೇ.

ದೀಪಾವಳಿ ಕಳೆದು ನಾಲ್ಕು ದಿನಕ್ಕೆ ದೊರೆ ಸ್ವತಃ ನಾಯಿ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದರು. ಅದನ್ನು ಬಂಗಲೆಯ ಹತ್ತಿರ ದೂರದಿಂದ ನೋಡಿದ್ದೆ. ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅಯ್ಯೋ ದೇವರೇ, ಅದು ನಾಯಿಯಾ ಕರುವಾ! ನಿಂತರೆ ಬೆನ್ನು ನನ್ನ ಸೊಂಟಕ್ಕೆ ಬರುತ್ತಿತ್ತು. ಮೈ ಕಂದು, ತುಟಿ ಜೋಲು, ಮುಖ ಮಾತ್ರ ಮಸಿ ಹಿಡಿದ ಪಾತ್ರೆಯ ತಳದಷ್ಟು ಕಪ್ಪು. ವಯಸ್ಸು ಕೇಳಿದರೆ ಇನ್ನೂ ಒಂದೂವರೆ ವರ್ಷವೂ ತುಂಬಿಲ್ಲವಂತೆ. ನಾನು ಬಾಗಿಲ ಹಿಂದೆ ನಿಂತಿದ್ದೆ. ದೊರೆ ತೋಟದ ಆಳುಗಳಿಂದ ಕಲಿತ ತಮ್ಮ ಮುರುಕು ಕನ್ನಡದಲ್ಲಿ ನನಗೇ ಕೇಳುವ ಹಾಗೆ ಹೇಳಿದರು, "ಅಮ್ಮಾ, ನಾಯಿ ಒಳ್ಳೇದು. ಹಲ್ಲು ಮಾತ್ರ ಕೆಟ್ಟದು. ನಾನು ವಾಪಸ್ ಬರೋ ತನಕ ನೀವು ನೋಡಬೇಕು." ಆಮೇಲೆ ಇವರ ಕೈಗೆ ಒಂದು ಕಾಗದ ಕೊಟ್ಟು, ನಾಯಿಯ ತಲೆ ಎರಡು ಸಲ ತಟ್ಟಿ, ಹಿಂದೆ ತಿರುಗಿ ನೋಡದೆ ಹೋಗಿಬಿಟ್ಟರು.

ಇವರು ಕಾಗದ ಓದಿ ಹೇಳಿದರು. ದಿನಾ ಬೆಳಿಗ್ಗೆ ಹಳ್ಳದ ತನಕ ತಿರುಗಾಡಿಸಬೇಕು, ಈಜಲಿಕ್ಕೆ ಬಿಡಬೇಕು. ಕಟ್ಟಿಹಾಕಬಾರದು. ದಿನಕ್ಕೊಂದು ದೊಡ್ಡ ಎಲುಬು ಕೊಡಬೇಕು, ಕೊಡದಿದ್ದರೆ ಸಿಕ್ಕಿದ್ದನ್ನೆಲ್ಲ ಅಗಿಯುತ್ತದೆ.

"ಎಲುಬಾ?" ಅಂದೆ. "ತುಳಸಿಕಟ್ಟೆ ಇರುವ ಅಂಗಳದಲ್ಲಿ ಎಲುಬಾ?"

"ನಾನೇನು ತಂದೆನಾ? ಕಾಗದದಲ್ಲಿ ಇದ್ದದ್ದು ಓದಿದೆ ಮಾರಾಯ್ತಿ," ಅಂದರು ಇವರು.

"ಹಾಗಾದರೆ ಆ ಕಾಗದ ಮಡಚಿಡಿ. ನಮ್ಮ ಮನೆಯಲ್ಲಿ ಇದ್ದ ಮೇಲೆ ನಮ್ಮ ಹಾಗೆ ಇರಲಿ."

ಇವರು ಕಾಗದ ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡರು. ನಾನು ದೊರೆಯ ನಾಯಿಗೆ ಮಜ್ಜಿಗೆ ಅನ್ನ ಕಲಸಿ ಹಾಕಿದೆ. ಹಬ್ಬದ ದಿನ ಅದಕ್ಕೂ ಪಾಯಸ, ಏಕಾದಶಿಯ ದಿನ ಅದಕ್ಕೂ ಅವಲಕ್ಕಿ. ಪಾಪ, ಹಾಕಿದ್ದನ್ನು ಗಬಗಬ ತಿಂದು ತಟ್ಟೆಯನ್ನು ಅಂಗಳದ ತುಂಬ ನೆಕ್ಕಿಕೊಂಡು ತಳ್ಳುತ್ತಿತ್ತು. ಆಮೇಲೆ ನನ್ನ ಮುಖ ನೋಡುತ್ತಿತ್ತು. ಇನ್ನೇನೋ ಬರಲಿಕ್ಕಿದೆ ಅನ್ನುವ ಹಾಗೆ ನೋಡುತ್ತಿತ್ತು. ನಾನು "ಹಚ್ಚಾ!" ಅನ್ನುತ್ತಿದ್ದೆ. ಅದಕ್ಕೊಂದು ಇಂಗ್ಲಿಷ್ ಹೆಸರು ಇತ್ತು. ನನ್ನ ನಾಲಿಗೆಗೆ ಅದು ಹತ್ತಲಿಲ್ಲ, ಹತ್ತಿಸಿಕೊಳ್ಳುವ ಮನಸ್ಸೂ ನನಗಿರಲಿಲ್ಲ. ನಾನು ಅದಕ್ಕೆ ಹೇಳುತ್ತಿದ್ದ ಮಾತು ಆ ಹಚ್ಚಾ ಒಂದೇ.

ತಿರುಗಾಡಿಸುವುದೂ ಹಾಗೆಯೇ ಆಯಿತು. ಮೊದಲ ವಾರ ಇವರು ಬೆಳಿಗ್ಗೆ ಎದ್ದು ಹಳ್ಳದ ತನಕ ಕರೆದುಕೊಂಡು ಹೋದರು. ನೀರು ಕಂಡದ್ದೇ ಧುಮುಕಿ, ಮೀನು ಈಜಿದ ಹಾಗೆ ಈಜಿ, ಮೇಲೆ ಬಂದು ಇವರ ಪಂಚೆಗೆ ಮೈ ಕೊಡವುತ್ತಿತ್ತಂತೆ. ನಗುತ್ತ ಬಂದು ಹೇಳುತ್ತಿದ್ದರು. ಆಮೇಲೆ ಹಣ್ಣು ಕುಯ್ಯುವ ಕಾಲ ಬಂತು, ಹೊತ್ತು ಮೂಡುವ ಮೊದಲೇ ಹಾಜರಿಗೆ ಓಡಬೇಕಾಯಿತು, ತಿರುಗಾಟ ನಿಂತಿತು. ನಾನಾದರೂ ಕರೆದುಕೊಂಡು ಹೋಗಬಹುದಿತ್ತು. ರೈಟರ ಹೆಂಡತಿ ನಾಯಿ ಹಿಡಿದುಕೊಂಡು ತಿರುಗುವುದುಂಟಾ ಅಂತ ಹೋಗಲಿಲ್ಲ.

ಶುರುವಾಯಿತು ನೋಡಿ. ಮೊದಲು ಇವರ ಚಪ್ಪಲಿ. ಹೋಗಲಿ ಅಂದೆ. ಆಮೇಲೆ ಬಾವಿಯ ಹಗ್ಗ, ಅಂಗಳ ಗುಡಿಸುವ ಬರಲು, ಬಟ್ಟೆ ಹರವುವ ಗಳು, ಒನಕೆಯ ತುದಿ, ದನಕ್ಕೆ ಮುರು ಇಡುವ ಮರಿಗೆಯ ಅಂಚು. ಒನಕೆ ತೆಗೆದುಕೊಂಡು ಅಟ್ಟಿಸಿಕೊಂಡು ಹೋದರೆ ಅದಕ್ಕೆ ಆಟ! ಮುಂದಿನ ಎರಡು ಕಾಲು ನೆಲಕ್ಕೆ ಊರಿ, ಹಿಂಭಾಗ ಎತ್ತಿ, ಬಾ ಬಾ ಅಂತ ಕುಣಿಯುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸೂಜಿಮೆಣಸು ಅರೆದು ಇವರ ಹೊಸ ಚಪ್ಪಲಿಗೆ ಸವರಿಟ್ಟೆ. ಒಂದು ಸಲ ಕಚ್ಚಿತು, ಏಳೆಂಟು ಸಲ ಸೀನಿತು, ದನದ ಬಾನಿಯ ನೀರನ್ನೆಲ್ಲ ಕುಡಿಯಿತು. ನಾನು ಗೆದ್ದೆ ಅಂದುಕೊಂಡು ಒಳಗೆ ಹೋದೆ. ಬಂದು ನೋಡಿದರೆ ಮೆಣಸು ಸವರದ ಇನ್ನೊಂದು ಚಪ್ಪಲಿ ಅದರ ಬಾಯಲ್ಲಿತ್ತು.

"ಹೇಳಿದ ಮಾತು ಕೇಳುವ ಜಾತಿಯೇ ಅಲ್ಲ ಇದು," ಅಂದೆ ಇವರ ಹತ್ತಿರ. ದಿನಾ ಅದನ್ನೇ ಹೇಳುತ್ತಿದ್ದೆ. ಅದಕ್ಕೆ ಕೇಳುವಂಥ ಮಾತನ್ನು ನಾನು ಒಂದಾದರೂ ಹೇಳಿದ್ದೆನಾ ಅಂತ ಯೋಚಿಸಲಿಲ್ಲ.

ಕಟ್ಟಿಹಾಕಿಯೂ ನೋಡಿದೆವು. ಹಗ್ಗವನ್ನು ಅರ್ಧ ಗಳಿಗೆಯಲ್ಲಿ ಕತ್ತರಿಸುತ್ತಿತ್ತು. ಇವರು ಮೂಡಿಗೆರೆಗೆ ಹೋದಾಗ ಒಂದು ಸರಪಳಿ ತಂದರು. ಜಗಲಿಯ ಕಂಬಕ್ಕೆ ಕಟ್ಟಿದರೆ ಇಡೀ ದಿನ ಊಳಿಟ್ಟಿತು, ಮೂರನೆಯ ದಿನ ಸರಪಳಿಯನ್ನೇ ಎಳೆದು ತುಂಡು ಮಾಡಿತು. ಮತ್ತೆ ಹೋಗಿ ಕೇಳಿದರೆ ಯುದ್ಧದ ಕಾಲ, ಕಬ್ಬಿಣದ ಸಾಮಾನೇ ಬರುತ್ತಿಲ್ಲ ಅಂದರಂತೆ. ಗೇಣುದ್ದದ ಒಂದು ತುಂಡು ಉಳಿದಿತ್ತು, ಅದನ್ನು ಮೊಳೆಗೆ ನೇತುಹಾಕಿದೆ.

ಇಷ್ಟೂ ನಮ್ಮ ಮನೆಯೊಳಗಿನ ಮಾತು. ಪುಷ್ಯ ಮಾಸದಲ್ಲಿ ಅದು ಕಣಕ್ಕೆ ಕಾಲಿಟ್ಟಿತು. ಆಗ ಕಣದ ತುಂಬ ಕಾಫಿ. ಒಂದು ಕಡೆ ಸಿಪ್ಪೆ ತೆಗೆದು ತೊಳೆದ ಪಾರ್ಚ್‌ಮೆಂಟು, ಇನ್ನೊಂದು ಕಡೆ ಸಿಪ್ಪೆ ಸಮೇತ ಒಣಗಿಸುವ ಚೆರಿ. ಎರಡನ್ನೂ ಬೆರಸುವ ಹಾಗಿಲ್ಲ. ಈ ಮಹಾರಾಯ ಚೆರಿಯ ರಾಶಿಯಲ್ಲಿ ಹೊರಳಿ, ಅಲ್ಲಿಂದ ಎದ್ದು ಪಾರ್ಚ್‌ಮೆಂಟಿನ ಮೇಲೆ ಓಡಿ, ಕಾಫಿ ಕೆದಕುವ ಹಲಗೆಯ ಹಿಡಿ ಅಗಿದುಹಾಕಿತು. ಆರು ಹೆಂಗಸರು ಎರಡು ದಿನ ಕೂತು ಕಾಳು ಕಾಳು ಆರಿಸಿದರು. ಅದಾಗಿ ವಾರಕ್ಕೆ ಪಲ್ಪರ್ ಮನೆಯ ಬೆಲ್ಟು. ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರಕ್ಕೆ ಅಂಗೈ ಅಗಲದ ಚರ್ಮದ ಬೆಲ್ಟು ಇರುತ್ತದೆ, ಬಿರಿಯದಿರಲಿ ಅಂತ ಅದಕ್ಕೆ ಕೊಬ್ಬು ಸವರಿರುತ್ತಾರೆ. ಮೂರು ತಿಂಗಳು ಬರೀ ಮಜ್ಜಿಗೆ ಅನ್ನ ತಿಂದ ಬಾಯಿಗೆ ಆ ವಾಸನೆ ಬಡಿದರೆ ಏನಾಗಬೇಡ? ಬೆಲ್ಟನ್ನು ಎಳೆದುಕೊಂಡು ಹೋಗಿ ಸಿಲ್ವರ್ ಮರದ ಬುಡದಲ್ಲಿ ಕೂತು ತಿನ್ನುತ್ತಿದ್ದಾಗ ಬದಲಿ ದೊರೆಯ ಕಣ್ಣಿಗೆ ಬಿತ್ತು.

ಬದಲಿ ದೊರೆ ಅಂದರೆ ನಮ್ಮ ದೊರೆ ಬರುವ ತನಕ ತೋಟ ನೋಡಿಕೊಳ್ಳಲಿಕ್ಕೆ ಬಂದವರು. ನಗು ಅನ್ನುವುದು ಅವರ ಮುಖದಲ್ಲಿ ನಾನು ಕಂಡದ್ದಿಲ್ಲ. ಇವರನ್ನು ಕರೆಸಿ ಹೇಳಿದರಂತೆ, ನಾಯಿ ಯಾರದ್ದಾದರೂ ಆಗಲಿ, ಇನ್ನೊಂದು ಸಲ ಕಣದ ಹತ್ತಿರ ಕಂಡರೆ ಗುಂಡು ಹಾಕುತ್ತೇನೆ. ಇವರು ಮಧ್ಯಾಹ್ನ ಊಟಕ್ಕೆ ಬಂದರು. ಅನ್ನ ಕಲಸಿಕೊಂಡು ಹಾಗೇ ಕೂತರು.

"ಆ ಮನುಷ್ಯ ಹೇಳಿದರೆ ಹೇಳಿದ್ದೇ. ಕೋವಿ ಆಫೀಸಿನ ಗೋಡೆಗೇ ಒರಗಿಸಿಟ್ಟಿದ್ದಾರೆ. ನಮ್ಮ ದೊರೆ ಬಂದು ನಾಯಿ ಎಲ್ಲಿ ಅಂದರೆ ಏನು ಹೇಳಲಿ?"

ಬಯ್ಯುವುದು ಬೇರೆ, ಗುಂಡು ಹಾಕುವುದು ಬೇರೆ. ಹೊರಗೆ ನೋಡಿದರೆ ಅದು ಹೊಸಿಲಿನ ಆಚೆ ಗಲ್ಲ ಊರಿ ಮಲಗಿ, ಇವರು ಯಾವಾಗ ಉಂಡು ಏಳುತ್ತಾರೆ ಅಂತ ಕಾಯುತ್ತಿತ್ತು. ಹೊಸಿಲು ದಾಟಬಾರದು ಅಂತ ಅದಕ್ಕೆ ಯಾರೂ ಕಲಿಸಿರಲಿಲ್ಲ. ಅದಾಗಿಯೇ ತಿಳಿದುಕೊಂಡಿತ್ತು.

ಆಗ ನನಗೆ ಹೊಳೆಯಿತು. ಹೊಳೆಯದೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ನನ್ನ ತವರು ಸಂಸೆಯ ಕಡೆ. ಅಲ್ಲಿ ಬೇಲಿ ಹಾರಿ ಮಂದಿಯ ಗದ್ದೆಗೆ ನುಗ್ಗುವ ಪುಂಡು ದನಕ್ಕೆ ಒಂದು ಮದ್ದು ಉಂಟು. ಮೊಳದುದ್ದದ ಮರದ ಕೊರಡನ್ನು ಅದರ ಕೊರಳಿಗೆ ಕಟ್ಟಿಬಿಡುತ್ತಾರೆ. ಕೊರಡು ಮುಂಗಾಲುಗಳ ನಡುವೆ ನೇತಾಡುತ್ತದೆ. ಮೆಲ್ಲಗೆ ನಡೆದರೆ ಏನೂ ಆಗುವುದಿಲ್ಲ, ಓಡಿದರೆ ಮಂಡಿಗೆ ಬಡಿಯುತ್ತದೆ. ದನ ಮೇಯುತ್ತದೆ, ನೀರು ಕುಡಿಯುತ್ತದೆ, ಮನೆಗೆ ಬರುತ್ತದೆ, ಹಾರುವುದಿಲ್ಲ ಅಷ್ಟೆ. ನಮ್ಮಪ್ಪ ಎಷ್ಟೋ ದನಕ್ಕೆ ಕಟ್ಟಿದ್ದನ್ನು ಕಂಡವಳು ನಾನು.

"ನಾಯಿಗೆ ಯಾರಾದರೂ ಕೊರಡು ಕಟ್ಟುತ್ತಾರೇನೇ?" ಅಂದರು ಇವರು.

"ಗುಂಡು ಹೊಡೆಸುವುದಕ್ಕಿಂತ ವಾಸಿ ಅಲ್ಲವಾ? ಕಟ್ಟಿಹಾಕಬೇಡಿ ಅಂತ ತಾನೇ ನಿಮ್ಮ ದೊರೆ ಬರೆದದ್ದು? ಇದು ಕಟ್ಟಿಹಾಕುವುದು ಅಲ್ಲವಲ್ಲ."

ಸೌದೆ ಕೊಟ್ಟಿಗೆಗೆ ಹೋಗಿ ಕೊರಡು ಆರಿಸಿದವಳು ನಾನೇ. ಮತ್ತಿಯ ಹಸಿ ತುಂಡು, ಒಳ್ಳೆ ಭಾರ. ಅದನ್ನು ತಂದು ಅಂಗಳದಲ್ಲಿ ಇಟ್ಟಾಗ ನಾಯಿಗೆ ಆದ ಸಂತೋಷ ನೋಡಬೇಕಿತ್ತು. ನಮ್ಮ ಮನೆಗೆ ಬಂದ ಮೇಲೆ ಅಗಿಯಲಿಕ್ಕೆ ಅಂತ ನಾನಾಗಿ ಕೊಟ್ಟ ಮೊದಲ ವಸ್ತು ಅಂದುಕೊಂಡಿತೋ ಏನೋ, ಎರಡು ಕೈಯಲ್ಲೂ ತಬ್ಬಿ ಹಿಡಿದು ಸಿಪ್ಪೆ ಸುಲಿಯುತ್ತ ಕೂತಿತು. ಆ ಹೊತ್ತಿಗೇ ನಾವಿಬ್ಬರೂ ಆ ಮುರುಕು ಸರಪಳಿಯಿಂದ ಅದರ ಕೊರಳ ಪಟ್ಟಿಗೂ ಕೊರಡಿಗೂ ಗಂಟುಹಾಕಿದೆವು. ಹಾಕುವಾಗ ನನ್ನ ಕೈ ನೆಕ್ಕಿತು. ನಾನು ಎದ್ದುಹೋಗಿ ಕೈ ತೊಳೆದುಕೊಂಡೆ. ನಾಯಿ ಎದ್ದು ನಿಂತ ಮೇಲೆ ಕೊರಡು ಅದರ ಗಲ್ಲದ ಕೆಳಗೆ ಹೋಯಿತು. ಆಮೇಲೆ ಅದರ ಬಾಯಿಗೆ ಸಿಕ್ಕಲಿಲ್ಲ.

ಸುಳ್ಳು ಯಾಕೆ, ಮದ್ದು ನಾಟಿತು. ಮೊದಲ ದಿನ ಎರಡು ಸಲ ಓಡಲಿಕ್ಕೆ ಹೋಗಿ ಮುಗ್ಗರಿಸಿತು, ಮೂರನೆಯ ಸಲ ಓಡಲಿಲ್ಲ. ಕಣದ ಕಡೆ ಏರು ಹತ್ತಬೇಕು, ಕೊರಡು ಹೊತ್ತುಕೊಂಡು ಆ ಕಡೆಗೆ ಹೋಗುವುದನ್ನೇ ಬಿಟ್ಟಿತು. ಬದಲಿ ದೊರೆ ಇವರ ಹತ್ತಿರ "ಗುಡ್ ಐಡಿಯಾ, ರೈಟರ್" ಅಂದರಂತೆ. ಇವರು ನನ್ನ ಹೆಂಡತಿಯದ್ದು ಅಂದರಂತೆ. ನನಗೆ ಹೆಮ್ಮೆ! ಬಂದವರಿಗೆಲ್ಲ ತೋರಿಸಿದೆ, ನೋಡಿ ನಮ್ಮ ಸಂಸೆಯ ಬುದ್ಧಿ ಅಂತ. ಅಂಗಳದ ಕಲ್ಲುಗಳ ಮೇಲೆ ಟಕ್ ಟಕ್ ಅಂತ ಕೊರಡು ಬಡಿಯುವ ಸದ್ದು ಕೇಳಿದರೆ ನಾಯಿ ಎಲ್ಲಿದೆ ಅಂತ ಅಡಿಗೆಮನೆಯಲ್ಲೇ ಗೊತ್ತಾಗುತ್ತಿತ್ತು.

ಕಾಫಿ ಕಣದಲ್ಲಿ ಇರುವ ತನಕ ಮಾತ್ರ, ಆಮೇಲೆ ತೆಗೆದುಬಿಡೋಣ ಅಂತ ಮಾತಾಗಿತ್ತು. ಶಿವರಾತ್ರಿ ಕಳೆದು ಕೊನೆಯ ಗಾಡಿ ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಯಿತು. ಕಣ ಖಾಲಿ. ಇನ್ನು ಗುಂಡು ಹಾಕುವವರಿಲ್ಲ. ಇವರು ಕೇಳಿದರು, "ತೆಗೆಯೋಣವಾ?" ನಾನು, "ಹಲಸಿನ ಹಪ್ಪಳ ಒಣಗಿಸಿ ಆಗಲಿ" ಅಂದೆ. ಹಪ್ಪಳ ಆಯಿತು. ಮಾವಿನ ಮಿಡಿ ಬಂತು, "ಮಿಡಿ ಉಪ್ಪಿಗೆ ಹಾಕಿ ಆಗಲಿ" ಅಂದೆ. ಆಮೇಲೆ ಸಂಡಿಗೆ, ಆಮೇಲೆ ಬಿಸಿಲಿಗೆ ಹಾಕಿದ ಹಾಸಿಗೆ. ನಾಯಿಯ ಜೀವ ಉಳಿಸಲಿಕ್ಕೆ ಅಂತ ಕಟ್ಟಿದ ಕೊರಡು ನನ್ನ ಹಪ್ಪಳ ಉಳಿಸಲಿಕ್ಕೆ ಅದರ ಕೊರಳಲ್ಲಿ ಉಳಿಯಿತು. ಇವರು ಕೇಳುವುದನ್ನೂ ಬಿಟ್ಟರು. ಪಟ್ಟಿಯ ಕೆಳಗೆ ಕೂದಲು ಉದುರಿ ಚರ್ಮ ಕೆಂಪಾದಾಗ ನಾನೇ ಕೊಬ್ಬರಿ ಎಣ್ಣೆಗೆ ಅರಿಸಿನ ಕಲಸಿ ಹಚ್ಚಿದೆ, ದಿನಾ ತಪ್ಪದೆ ಹಚ್ಚಿದೆ. ಕೊರಡು ಮಾತ್ರ ತೆಗೆಯಲಿಲ್ಲ. ಈ ಬುದ್ಧಿಗೆ ಏನು ಹೇಳುತ್ತೀರಿ?

ಹೇಳುವವರು ಇರಲಿಲ್ಲ ಅಂತಲ್ಲ. ಚಾರ್ಮಾಡಿ ಹತ್ತಿ ಒಣಮೀನು ತರುವ ಒಬ್ಬ ಬ್ಯಾರಿ ಸಾಬರು ಇದ್ದರು, ವಾರಕ್ಕೊಮ್ಮೆ ನಮ್ಮ ಮನೆಯ ಕೆಳಗಿನ ದಾರಿಯಲ್ಲಿ ಲೈನಿಗೆ, ಅಂದರೆ ಆಳುಗಳ ಸಾಲುಮನೆಗೆ ಹೋಗುವವರು. ಅವರ ಬುಟ್ಟಿಯ ವಾಸನೆಗೆ ನಾಯಿ ಕೊರಡು ಬಡಿದುಕೊಂಡು ಬೇಲಿಯ ತನಕ ಹೋಗಿ ನಿಲ್ಲುತ್ತಿತ್ತು. ಒಂದು ದಿನ ಅವರು ನಿಂತು ಅದರ ಕೊರಳು ನೋಡಿ ಹೇಳಿದರು, "ಅಮ್ಮಾ, ಸಿಟ್ಟು ಮಾಡ್ಬೇಡಿ. ಇದ್ರದ್ದು ಪುಂಡಾಟ ಅಲ್ಲ. ಹಲ್ಲಿಗೆ ಕೆಲಸ ಇಲ್ಲ ಅಷ್ಟೇ. ಒಂದು ಎಲುಬು ಹಾಕಿ, ದಿನಾ ನಾಲ್ಕು ಹೆಜ್ಜೆ ನಡೆಸಿ, ಯಾರ ಚಪ್ಪಲಿಗೂ ಬರೋದಿಲ್ಲ."

"ನಿಮ್ಮ ಮೀನು ನೀವು ಮಾರಿಕೊಳ್ಳಿ ಸಾಬರೇ," ಅಂದೆ. "ನಮ್ಮ ಮನೆಯ ನಾಯಿ ನಾವು ನೋಡಿಕೊಳ್ಳುತ್ತೇವೆ."

ಅವರು ಬುಟ್ಟಿ ತಲೆಗೆ ಏರಿಸಿಕೊಂಡರು. ದೊರೆಯ ಕಾಗದದಲ್ಲಿ ಇದ್ದದ್ದೂ ಅದೇ ಮಾತು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂದೆ.

ಆ ಬೇಸಿಗೆಯಲ್ಲಿ ನಾಯಿ ದಿನಾ ಮಧ್ಯಾಹ್ನ ಎಲ್ಲಿಗೋ ಹೋಗಿ ಬರುತ್ತಿತ್ತು. ಬರುವಾಗ ಸುಸ್ತಾಗಿ, ಆದರೆ ಸಮಾಧಾನವಾಗಿ ಬರುತ್ತಿತ್ತು. ಅಂಗಳದಲ್ಲಿ ಇಟ್ಟದ್ದನ್ನು ಮುಟ್ಟುವುದೂ ಕಡಿಮೆಯಾಗಿತ್ತು. ಎಲ್ಲ ಕೊರಡಿನ ಮಹಿಮೆ ಅಂದುಕೊಂಡೆ. ನಾನು ಎಲ್ಲಿಗೆ ಹೋದರೂ ಹತ್ತು ಮಾರು ಹಿಂದೆ ಬರುವ ಅಭ್ಯಾಸ ಅದಕ್ಕೆ ಆಗಲೇ ಆದದ್ದು. ಹತ್ತಿರ ಬಂದರೆ ಹಚ್ಚಾ ಅನ್ನುತ್ತೇನೆ ಅಂತ ಅದಕ್ಕೆ ಗೊತ್ತು, ಹತ್ತು ಮಾರು ಬಿಟ್ಟೇ ಬರುತ್ತಿತ್ತು.

ಮಳೆಗಾಲ ಶುರುವಾಗಿ ಮಿರುಗದ ಮಳೆ ಹಿಡಿದು ಐದಾರು ದಿನ ಆಗಿತ್ತು. ಹಳ್ಳ ತುಂಬಿ ಕೆಂಪಗೆ ಹರಿಯುತ್ತಿತ್ತು. ಒಂದು ದಿನ ಸಂಜೆಯ ಮುಂಚೆ ಮಳೆ ಸ್ವಲ್ಪ ಹೊಳವಾಯಿತು. ಇವರಿಗೆ ಪತ್ರೊಡೆ ಅಂದರೆ ಪ್ರಾಣ, ಹಳ್ಳದ ಆಚೆ ಕೆಸುವಿನ ಎಲೆ ಎದ್ದಿರುತ್ತದೆ, ತರೋಣ ಅಂತ ಹೊರಟೆ. ಹಿಂದೆ ಟಕ್ ಟಕ್. ಹಳ್ಳಕ್ಕೆ ಎರಡು ಮರದ ದಿಮ್ಮಿ ಹಾಕಿದ ಸಂಕ ಇತ್ತು, ಕೈ ಹಿಡಿಯಲಿಕ್ಕೆ ಒಂದು ಬಿದಿರು. ನಾನು ದಾಟಿದೆ. ನಾಯಿ ಈಚೆ ದಡದಲ್ಲೇ ನಿಂತಿತು. ಅದು ಜಾಣ ಪ್ರಾಣಿ. ಆ ಕೊರಡು ಹೊತ್ತು ಸಂಕದ ಮೇಲೆ ಆಗುವುದಿಲ್ಲ ಅಂತ ಅದಕ್ಕೆ ಗೊತ್ತಿತ್ತು. ಕೂತು ನನ್ನನ್ನೇ ನೋಡುತ್ತಿತ್ತು.

ಎಲೆ ಕುಯ್ಯುತ್ತಿದ್ದಾಗ ಮಂಜು ಇಳಿಯಿತು. ನಾಲ್ಕು ಮಾರು ಆಚೆ ಕಾಣದಷ್ಟು. ಹಿಂದಿನ ಪೊದೆಯಲ್ಲಿ ಬರಬರ ಸದ್ದಾಯಿತು. ಆ ತಿಂಗಳು ನಮ್ಮ ಕಡೆ ಕುರ್ಕ, ಅಂದರೆ ಚಿರತೆ, ಎರಡು ಕರು ಹೊತ್ತುಕೊಂಡು ಹೋಗಿತ್ತು. ಓಡಿ ಸಂಕದ ಹತ್ತಿರ ಬಂದರೆ ಕಾಲು ನಡುಗಿ ದಿಮ್ಮಿಯ ಮೇಲೆ ನಿಲ್ಲಲಾರದು. ಮಂಜಿನಲ್ಲಿ ಮನೆಯ ಕಡೆಯ ದಡದಲ್ಲಿ ಆ ಕಪ್ಪು ಮುಖ ಕಂಡಿತು. ಎಂಟು ತಿಂಗಳಲ್ಲಿ ಮೊದಲನೆಯ ಸಲ ನಾನು ಅದನ್ನು ಕರೆದೆ.

"ಬಾರೋ! ಬಾರೋ ಮಗಾ, ಬೇಗ ಬಾರೋ!"

ಎದ್ದು ನಿಂತಿತು. ನಂಬಿಕೆ ಬರಲಿಲ್ಲವೋ ಏನೋ, ಒಂದು ಗಳಿಗೆ ಕಿವಿ ನಿಮಿರಿಸಿ ನೋಡಿತು. ಬಾಲ ಅಲ್ಲಾಡಿಸಿತು. ಸಂಕದ ಮೇಲೆ ಕಾಲಿಟ್ಟಿತು, ಕೊರಡು ದಿಮ್ಮಿಗೆ ಬಡಿದು ಜಾರಿತು, ಹಿಂದೆ ಸರಿಯಿತು. ನಾನು ಮತ್ತೆ ಕರೆದೆ. ಆಗ ಹಿಂದೆ ಮುಂದೆ ನೋಡದೆ ನೀರಿಗೆ ಹಾರಿತು.

ಅರ್ಧದ ತನಕ ಚೆನ್ನಾಗಿಯೇ ಬಂತು. ತಲೆ ಎತ್ತಿ, ಕಣ್ಣು ನನ್ನ ಮೇಲೆಯೇ ಇಟ್ಟುಕೊಂಡು, ಸೆಳೆತಕ್ಕೆ ಓರೆಯಾಗಿ ಈಜುತ್ತ ಬಂತು. ನಡು ಹಳ್ಳದಲ್ಲಿ ಹಿಂದಿನ ವರ್ಷ ಬಿದ್ದ ಮರದ ಬೇರು ನೀರಿನ ಅಡಿಯಲ್ಲಿತ್ತು. ಕೊರಡು ಅಲ್ಲಿ ಸಿಕ್ಕಿಕೊಂಡಿತು. ತಲೆ ಒಳಗೆ ಹೋಯಿತು, ಮೇಲೆ ಬಂತು, ಒಳಗೆ ಹೋಯಿತು. ಸರಪಳಿ ಗೇಣುದ್ದ. ನನಗೆ ಈಜು ಬರುವುದಿಲ್ಲ. ದಡದಲ್ಲಿ ನಿಂತು ಕಿರುಚಿದೆ. ಇನ್ನೊಂದು ಸಲ ಮೂಗು ಕಾಣಿಸಿತು. ಬೊಗಳಲಿಲ್ಲ, ಕೂಗಲಿಲ್ಲ.

ಕಿರುಚಿದ್ದು ಕೇಳಿ ಲೈನಿನ ಒಬ್ಬ ಹೆಂಗಸು ಸೌದೆ ಹೊರೆ ಬಿಸಾಡಿ ಓಡಿಬಂದಳು. ಘಟ್ಟದ ಕೆಳಗಿನವಳು, ನೀರಿನ ಹೆದರಿಕೆ ಇಲ್ಲದವಳು. ಸಂಕದ ಬಿದಿರು ಹಿಡಿದು ಎದೆಮಟ್ಟ ಇಳಿದು, ಮುಳುಗಿ ಮುಳುಗಿ ಕೈಯಾಡಿಸಿ ಕೊರಡನ್ನು ಬೇರಿನಿಂದ ಬಿಡಿಸಿದಳು. ಇಬ್ಬರೂ ಸೇರಿ ಎಳೆದು ದಡಕ್ಕೆ ಹಾಕಿದೆವು. ಅವಳು ಅದರ ಹೊಟ್ಟೆ ಒತ್ತಿದಳು, ಬಾಯಿಂದ ನೀರು ಬಂತು, ಅಷ್ಟೆ. ಆಗ ಪೊದೆಯಿಂದ ಆ ಬರಬರ ಸದ್ದು ಹೊರಗೆ ಬಂತು. ಕಾಡುಕೋಳಿ. ಎರಡು ಹೇಂಟೆ, ಒಂದು ಹುಂಜ. ನಮ್ಮ ಎದುರಿಗೇ ದಾರಿ ದಾಟಿ ತೋಟಕ್ಕೆ ಹೋದವು.

ಅವಳು ನಾಯಿಯ ಒದ್ದೆ ಕಿವಿ ಸವರುತ್ತ ಅಳುತ್ತಿದ್ದಳು. ದೊರೆಯ ನಾಯಿಗೆ ಇವಳು ಯಾಕೆ ಅಳಬೇಕು ಅಂತ ನನಗೆ ಅರ್ಥವಾಗಲಿಲ್ಲ.

"ದಿನಾ ಮಧ್ಯಾಹ್ನ ನಮ್ಮ ಲೈನಿಗೆ ಬರ್ತಿತ್ತು ಅಮ್ಮಾ," ಅಂದಳು. "ಭಾನುವಾರದ ಎಲುಬು ಇದಕ್ಕೆ ಅಂತ ಒಣಗಿಸಿ ತೆಗೆದಿಡ್ತಿದ್ದೆ. ಕೊಟ್ಟರೆ ಬೇಲಿ ಬುಡದಲ್ಲಿ ಕೂತು ಅಗಿತಿತ್ತು, ಆಮೇಲೆ ಮಲಗ್ತಿತ್ತು. ಮಳೆಗೆ ಹೊದೆಯಲಿಕ್ಕೆ ಇಷ್ಟು ಗೊರಬೆ ಹೆಣೆದು ಹೊರಗೆ ಸಾಲಾಗಿ ಇಟ್ಟಿದ್ದೇವೆ, ಒಂದಕ್ಕೂ ಬಾಯಿ ಹಾಕಿಲ್ಲ."

"ನನಗೆ ಯಾಕೆ ಹೇಳಲಿಲ್ಲ ನೀನು?"

ಅವಳು ನನ್ನ ಮುಖ ನೋಡದೆ ಹೇಳಿದಳು, "ಹೇಳಿದರೆ ನೀವು ಬೈತಿದ್ರಿ."

ನಿಜ, ಬೈಯುತ್ತಿದ್ದೆ. ಇವರು ಬಂದ ಮೇಲೆ ಹಳ್ಳದ ದಿಬ್ಬದಲ್ಲಿ ಗುಂಡಿ ತೆಗೆಸಿದರು. ಮಣ್ಣು ಮುಚ್ಚುವ ಮೊದಲು ಕೊರಡು ಬಿಚ್ಚಿದವಳು ನಾನೇ. ಸರಪಳಿಯ ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ಹಪ್ಪಳದ ಕಾಲದಲ್ಲೂ ಅಷ್ಟೇ ಸುಲಭವಾಗಿ ಬಿಚ್ಚುತ್ತಿತ್ತು, ನೋಡಿ. ಮನೆಗೆ ಬಂದು ಕುಯ್ದ ಎಲೆಯನ್ನೆಲ್ಲ ದನಕ್ಕೆ ಹಾಕಿದೆ. ಪತ್ರೊಡೆಯನ್ನು ಆ ವರ್ಷ ಇವರು ಕೇಳಲಿಲ್ಲ, ನಾನು ಮಾಡಲಿಲ್ಲ.

ದೊರೆಗೆ ಕಾಗದ ಬರೆಯಬೇಕಲ್ಲ. ಇವರು ನಡೆದದ್ದನ್ನೇ ಬರೆಯುತ್ತೇನೆ ಅಂದರು. ನಾನು ಅವರ ಕೈ ಹಿಡಿದುಕೊಂಡೆ. "ಕುರ್ಕ ಹಿಡಿಯಿತು ಅಂತ ಬರೆಯಿರಿ," ಅಂದೆ. ಜೀವಮಾನದಲ್ಲಿ ಸುಳ್ಳು ಬರೆಯದ ಮನುಷ್ಯ, ನನಗೋಸ್ಕರ ಬರೆದರು.

ಯುದ್ಧ ಮುಗಿದ ಮೇಲೆ ದೊರೆ ಬಂದರು. ಸೊರಗಿದ್ದರು, ಒಂದು ಕಾಲು ಸ್ವಲ್ಪ ಎಳೆಯುತ್ತಿದ್ದರು. ಬಂದ ಮಾರನೆಯ ದಿನವೇ ನಮ್ಮ ಅಂಗಳಕ್ಕೆ ಬಂದು ಅದೇ ಜಾಗದಲ್ಲಿ ನಿಂತರು. ನಾನು ಅದೇ ಬಾಗಿಲ ಹಿಂದೆ. ಕುರ್ಕನ ವಿಷಯ ಅವರು ಕೇಳಲಿಲ್ಲ. ತೋಟದಲ್ಲಿ ಇರುವವರಿಗೆ ಅದು ಹೊಸದಲ್ಲ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ, ಬಾಗಿಲ ಕಡೆ ನೋಡಿ ಕೇಳಿದರು, "ಅಮ್ಮಾ, ನಾಯಿ ನಿಮ್ಮ ಮಾತು ಕೇಳ್ತಿತ್ತಾ?"

ಹೇಳಿಬಿಡಬೇಕು ಅಂತ ಬಾಗಿಲಿನಿಂದ ಈಚೆ ಬಂದೆ. ನಿಜವಾಗಿಯೂ ಬಂದೆ. ಇವರು ತಲೆ ತಗ್ಗಿಸಿ ನಿಂತಿದ್ದರು. ಎಲುಬಿನಿಂದ ಹಿಡಿದು ಕೊರಡಿನ ತನಕ ಎಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿಂದ ಬಂದದ್ದು ಇಷ್ಟೇ.

"ಒಂದೇ ದಿನ ಕರೆದೆ ದೊರೆಗಳೇ. ಬಂತು."

ಅವರ ಮುಖ ಅರಳಿತು. "ನನಗೆ ಗೊತ್ತಿತ್ತು. ಒಳ್ಳೇ ನಾಯಿ," ಅಂದರು. ಆಮೇಲೆ ಎರಡು ಕೈ ಜೋಡಿಸಿ, ಚೆನ್ನಾಗಿ ನೋಡಿಕೊಂಡದ್ದಕ್ಕೆ ನನಗೆ ನಮಸ್ಕಾರ ಮಾಡಿ ಹೋದರು.